ಚೌಕದಲ್ಲಿ ಭಾವ ತಟ್ಟಿದ ಬಾಗಿಲು

ನಮ್ಮ ಭಾವನಷ್ಟು ಬಾಗಿಲು ತಟ್ಟಿದ ಮನುಷ್ಯ ಇಡೀ ಬಹರೈನಿನಲ್ಲಿ ಇನ್ನೊಬ್ಬನಿಲ್ಲ! ಒಳಗೆ ಯಾರಿದ್ದಾರೆಂದು ತಿಳಿಯಲಲ್ಲ, ಮರ ಯಾವುದೆಂದು ತಿಳಿಯಲು. ಸಲ್ಮಾಬಾದಿನ ಪೀಠೋಪಕರಣದ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬಡಗಿ ಅವರು. ಒಮ್ಮೆ ಸೀಫಿನ ಮಾಲ್‌ನಲ್ಲಿ ಊಟದ ಮೇಜಿನಡಿಗೆ ನುಸುಳಿ ಅಂಗಾತ ಮಲಗಿಬಿಟ್ಟರು. ಸೆಕ್ಯುರಿಟಿಯವನು ಹುಷಾರು ತಪ್ಪಿದರೇನೋ ಎಂದು ಓಡಿ ಬಂದು, "ಚಾಚಾ, ತಬಿಯತ್ ಖರಾಬ್ ಹೈ ಕ್ಯಾ?" ಎಂದರೆ, ಅಡಿಯಿಂದಲೇ ಉತ್ತರ ಬಂತು: "ಮೇರಾ ನಹೀ, ಟೇಬಲ್ ಕಾ!"

ಅಂಥ ಹೊತ್ತಿನಲ್ಲಿ ಅಂಗಿ ಹಿಡಿದೆಳೆಯಲು ನನ್ನ ಅಕ್ಕ ಇದ್ದಳು. ಅವಳು ತೀರಿಕೊಂಡು ವರ್ಷವಾಯಿತು. ಮಗಳು ಶ್ರುತಿ ಫ್ರಾಂಕ್‌ಫರ್ಟಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಪರೀಕ್ಷೆ ಕೆಡುತ್ತದೆಂದು ತಾಯಿಯ ಕಾಯಿಲೆಯನ್ನು ಭಾವ ಅವಳಿಗೆ ತಿಳಿಸಲೇ ಇಲ್ಲ. ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪರೀಕ್ಷೆಯನ್ನೂ ಬರೆಯಲಿಲ್ಲ, ಅಪ್ಪನ ಜೊತೆ ಮಾತನ್ನೂ ಬಿಟ್ಟಳು. ನಾನು ತಿಂಗಳುಗಟ್ಟಲೆ ಬೇಡಿಕೊಂಡ ಮೇಲೆ, "ಆಯ್ತು ಮಾಮ, ಕರ್ಕೊಂಡು ಬನ್ನಿ" ಎಂದಳು.

ನಾನೂ ಭಾವನೂ ಫ್ರಾಂಕ್‌ಫರ್ಟಿಗೆ ಹೋದ ಮರುದಿನ ನಮ್ಮನ್ನು ಊರಿನ ಹಳೆಯ ಚೌಕಕ್ಕೆ ಕರೆದೊಯ್ದಳು. ಮರದ ಚೌಕಟ್ಟಿನ, ಚೂಪು ಮಾಡಿನ ಮನೆಗಳ ಸಾಲು. ಭಾವನಿಗೆ ಕೇಳಬೇಕೇ! ಬಾಗಿಲೊಂದಕ್ಕೆ ಕಿವಿ ಕೊಟ್ಟು ಟಕಟಕ ಶುರುಮಾಡಿಯೇಬಿಟ್ಟರು. ಬಾಗಿಲು ತೆರೆದ ಹೆಂಗಸು ಜರ್ಮನ್ನಿನಲ್ಲಿ ಏನೋ ಗದರಿದಳು. "ಮಾಫಿ ಮುಷ್ಕಿಲ್, ಮೇಡಂ! ಪರವಾಗಿಲ್ಲ!" ಎಂದರು ಭಾವ ಅರಬ್ಬಿಗೆ ಕನ್ನಡ ಬೆರೆಸಿ, ತಾವೇ ಅವಳನ್ನು ಕ್ಷಮಿಸಿದವರಂತೆ.

ಆಮೇಲೆ ನನ್ನತ್ತ ತಿರುಗಿ, "ಎಂಥ ಹಳೇದು ಮಾರಾಯ? ನನ್ನಷ್ಟು ಪ್ರಾಯ ಆಗ್ಲಿಲ್ಲ ಈ ಮರಕ್ಕೆ!" ಎಂದರು.

ಶ್ರುತಿ ಉತ್ತರವನ್ನು ನನಗೇ ಹೇಳಿದಳು. "ಹೌದು ಮಾಮ. ಯುದ್ಧದಲ್ಲಿ ಎಲ್ಲ ಸುಟ್ಟುಹೋಗಿತ್ತು. ಆಮೇಲೆ ಮೊದಲಿನ ಹಾಗೇ ಪುನಃ ಕಟ್ಟಿದ್ದು."

"ಎಷ್ಟು ವರ್ಷ ಕಳೆದು?" ಭಾವ ಕೇಳಿದರು.

"ನಲವತ್ತರ ಹತ್ತಿರ ಅಂತೆ, ಮಾಮ."

ಭಾವ ಅಲ್ಲಿದ್ದ ಬೆಂಚಿನ ಮೇಲೆ ಕುಳಿತರು. "ನನ್ಹತ್ರ ಅಷ್ಟು ವರ್ಷ ಇಲ್ಲ ಮಗಾ" ಎಂದರು. "ತಪ್ಪಾಯ್ತು. ನಿನ್ನಮ್ಮ ಹೇಳ್ಬೇಡಿ ಅಂದದ್ದು ಹೌದು. ಆದ್ರೆ ಫೋನು ನನ್ನ ಕೈಯಲ್ಲೇ ಇತ್ತಲ್ಲ."

ಶ್ರುತಿ ವರ್ಷದಲ್ಲಿ ಮೊದಲ ಬಾರಿಗೆ ಅಪ್ಪನ ಮುಖ ನೋಡಿ ಕೇಳಿದಳು: "ಅಮ್ಮ ಕಡೆಗೆ ಎಂಥಾದ್ರೂ ಹೇಳಿದ್ರಾ?"

"ನೀನು ಪಾಸಾದ್ಯಾ ಅಂತ ಕೇಳಿದ್ಲು. ಆಗಿದ್ದಾಳೆ ಅಂದೆ. ಸುಳ್ಳು ಹೇಳಿದೆ."

ಅವಳು ಅಪ್ಪನ ಪಕ್ಕ ಕುಳಿತಳು. "ಹೋದ ತಿಂಗಳು ಪರೀಕ್ಷೆ ಬರೆದೆ ಅಪ್ಪ. ಹೋದ ವಾರ ರಿಸಲ್ಟ್ ಬಂತು. ಪಾಸು. ಯಾರಿಗೂ ಹೇಳ್ಲಿಲ್ಲ. ಅಮ್ಮನೇ ಇಲ್ಲ, ಯಾರಿಗೆ ಹೇಳೋದು?"

"ನನಗೆ ಹೇಳು" ಎಂದರು ಭಾವ.

ಅವಳು ಅವರ ಹೆಗಲಿಗೆ ಮುಖವೊತ್ತಿ ಅತ್ತಳು. ಕಾಫಿ ತರುತ್ತೇನೆಂದು ಎದ್ದು ಹೋದ ನಾನು, ಮೂರು ಲೋಟವೂ ತಣ್ಣಗಾಗುವವರೆಗೆ ಅಂಗಡಿಯ ಮುಂದೆಯೇ ನಿಂತಿದ್ದೆ.