ಅತ್ತೆಯ ಅಥೇನಮ್ಮ

ನಮ್ಮ ಅತ್ತೆಗೆ ಬುದ್ಧಿ ಜಾಸ್ತಿಯಾಗಿದೆ. ಕಡಿಮೆಯಾಗಿದ್ದರೆ ಹೊಸಪೇಟೆಯಲ್ಲೇ ಯಾರಾದರೂ ಡಾಕ್ಟರು ಸಿಗುತ್ತಿದ್ದರು. ಜಾಸ್ತಿಯಾದದ್ದಕ್ಕೆ ಯಾರ ಹತ್ತಿರ ಕರೆದುಕೊಂಡು ಹೋಗುವುದು, ನೀವೇ ಹೇಳಿ?

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಟಿ.ಬಿ. ಡ್ಯಾಂ ಕಡೆಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಮದುವೆಯಾಗಿಲ್ಲ. ನನ್ನ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಾಳೆ. ನಿವೃತ್ತಿಯಾದವರು ಏನು ಮಾಡಬೇಕು? ಶಿವ ಶಿವ ಎಂದು ಕೂತು, ಸಂಜೆಗೆ ಗುಡಿಗೆ ಹೋಗಿ ಬಂದು, ಟಿ.ವಿ. ನೋಡಿ ಮಲಗಬೇಕು. ನಮ್ಮ ಮನೆತನದಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ಇವಳು ಮಾತ್ರ ನೆಚ್ಚಿದ ಶಿವನನ್ನು ಬಿಟ್ಟು ಗ್ರೀಸ್ ದೇಶದ ಅಥೇನಾ ಎಂಬ ದೇವಿಯ ಬೆನ್ನು ಹತ್ತಿದ್ದಾಳೆ.

ಇದಕ್ಕೆಲ್ಲ ಕಾರಣ ಒಂದು ಕೀಚೈನು. ನಿವೃತ್ತಿಯ ವರ್ಷ ಹಂಪಿಗೆ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋದಾಗ ಯಾರೋ ಗ್ರೀಕ್ ಮುದುಕಿಗೆ ಇವಳು ದಾರಿಗೆ ಅಡ್ಡ ನಿಂತು ವಿಜಯನಗರದ ಇತಿಹಾಸ ಹೇಳಿದ್ದಾಳೆ. ಆ ಮುದುಕಿ ತಪ್ಪಿಸಿಕೊಳ್ಳಲು ಬೇರೆ ಉಪಾಯ ಕಾಣದೆ ತನ್ನ ಚೀಲದ ಕೀಚೈನು ಬಿಚ್ಚಿ ಕೊಟ್ಟು ಓಡಿರಬೇಕು. ಅದರಲ್ಲಿ ಅಥೇನಾ ಇದ್ದಳು. ತಲೆಗೆ ಶಿರಸ್ತ್ರಾಣ, ಕೈಗೆ ಈಟಿ, ಪಕ್ಕದಲ್ಲಿ ಒಂದು ಗೂಬೆ.

"ಬುದ್ಧಿಗೂ ಅಕಿನ ದೇವರು, ಯುದ್ಧಕ್ಕೂ ಅಕಿನ" ಎಂದಳು ಅತ್ತೆ. "ನಾವು ಸರಸ್ವತಿಗೆ ಒಂದು ಕೆಲಸ, ದುರ್ಗವ್ವಗ ಒಂದು ಕೆಲಸ ಕೊಟ್ಟೀವಿ. ಅವರು ಒಬ್ಬಾಕಿ ಕೈಲೇ ಎರಡೂ ಮಾಡಿಸ್ಯಾರ ನೋಡ್ಲೇ."

"ಹಂಗಾರ ಅಕಿಗೆ ಪಗಾರ ಎರಡು ಕೊಡಬೇಕಲ್ಲ ಅತ್ತಿ" ಎಂದೆ. ಅವಳು ನಗಲಿಲ್ಲ. ಹೆಚ್ಚು ಬುದ್ಧಿ ಇರುವವರು ಇಂಥದ್ದಕ್ಕೆ ನಗುವುದಿಲ್ಲ.

ಕೀಚೈನಿಗೆ ಪೂಜೆ ಮಾಡಿದರೆ ಸಾಲದು, ಮೂರ್ತಿ ಬೇಕು ಎಂದು ಸಂಡೂರು ರಸ್ತೆಯಲ್ಲಿ ಗಣಪತಿ ಮಾಡುವವನ ಹತ್ತಿರ ಹೋದಳು. ನಾನೂ ಜೊತೆಗಿದ್ದೆ, ಏಕೆಂದರೆ ಸ್ಕೂಟರು ನನ್ನದು. ಅವನು ಕೀಚೈನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಕ್ಕಾರ, ಈ ಅಮ್ಮಂದು ಅಚ್ಚು ಇಲ್ರಿ. ಎಂಟು ಕೈ ದುರ್ಗವ್ವಂದು ಐತಿ. ಆರು ಕೈ ಕಡದು ಕೊಟ್ರ ನಡೀತೈತೇನ್ರಿ?"

ನಡೆಯಿತು! ಅವನು ಆರು ಕೈ ಕಡಿದ. ಕಡಿದ ಜಾಗದಲ್ಲಿ ಎರಡೂ ಕಡೆ ಉಬ್ಬು ಹಾಗೇ ಉಳಿದವು. ಗೂಬೆಗೆ ಬೇರೆ ಮಣ್ಣು ಯಾಕೆ ಎಂದು ದುರ್ಗಿಯ ಸಿಂಹದ ಮೂತಿಗೇ ಒಂದು ಕೊಕ್ಕು ಅಂಟಿಸಿದ. ಹೆಣ್ಣುದೇವರು ಬೋಳು ಕೈಯಲ್ಲಿ ಇರಬಾರದು ಎಂದು ಹಸಿರು ಬಳೆ, ಮೂಗಿಗೆ ನತ್ತು, ಹಣೆಗೆ ಕಾಸಗಲ ಕುಂಕುಮ. ಇದನ್ನು ಕಂಡರೆ ಗ್ರೀಸ್ ದೇಶದವರು ಕೀಚೈನು ವಾಪಸ್ಸು ಕೇಳಿಕೊಂಡು ಬರುತ್ತಿದ್ದರು. ಅತ್ತೆ ಮಾತ್ರ ಕಣ್ಣಿಗೆ ಒತ್ತಿಕೊಂಡು ಮನೆಗೆ ತಂದಳು. ಓಣಿಯವರು ಅಥೇನಮ್ಮ ಎಂದು ಕರೆದು ಕೈಮುಗಿಯಲು ಸುರುಮಾಡಿದರು. ನಮ್ಮ ಜನಕ್ಕೆ ಕುಂಕುಮ ಕಂಡರೆ ಸಾಕು.

ಆಮೇಲೆ ಸುರುವಾಯಿತು ಈ ದೇವಿಯ ಕಟ್ಟುಪಾಡು. ಅಥೇನಮ್ಮ ತನ್ನ ಊರಿಗೆ ಆಲಿವ್ ಗಿಡ ಕೊಟ್ಟವಳಂತೆ, ಹಾಗಾಗಿ ದೀಪಕ್ಕೆ ಆಲಿವ್ ಎಣ್ಣೆಯೇ ಬೇಕಂತೆ. ಅಂಗಡಿಯಲ್ಲಿ ಕೇಳಿದರೆ ಅವನು "ಮನ್ಯಾಗ ಕೂಸು ಐತೇನ್ರಿ? ಎಷ್ಟು ತಿಂಗಳದು?" ಎಂದ. ನಮ್ಮೂರಲ್ಲಿ ಆ ಎಣ್ಣೆ ಕೊಳ್ಳುವುದು ಕೂಸಿನ ಮೈಗೆ ಹಚ್ಚಲು ಮಾತ್ರ. ತಲೆ ನರೆತ ಅತ್ತೆ ನಾಚಿಕೆಯೇ ಇಲ್ಲದೆ "ನಮ್ಮಮ್ಮಗ" ಎಂದಳು.

ಇನ್ನೊಂದು ಜೇಡರ ಹುಳದ ಕಥೆ. ನೇಯ್ಗೆಯಲ್ಲಿ ಅಥೇನಮ್ಮನಿಗೇ ಸವಾಲು ಹಾಕಿದ ಹುಡುಗಿಯೊಬ್ಬಳು ಶಾಪದಿಂದ ಜೇಡವಾದಳಂತೆ. "ಪಾಪ, ನೇಯೋ ಹುಡುಗಿ ಅದು. ಅಕಿ ನೇಯ್ದ ಬಲಿ ತೆಗೀಬ್ಯಾಡ್ರಿ" ಎಂದು ನನ್ನ ಹೆಂಡತಿಯ ಕೈಯ ಕಸಬರಿಗೆ ಕಸಿದುಕೊಂಡಳು. ಬಲೆಗಳು ತೋರಣದ ಹಾಗೆ ಇಳಿದವು. ಇಷ್ಟು ಸಾಲದು ಎಂಬಂತೆ ಮಹಡಿಯ ಬೆಳಕಿಂಡಿಯಲ್ಲಿ ನಿಜವಾದ ಗೂಬೆಯೊಂದು ಬಂದು ಮನೆ ಮಾಡಿತು. ಹಾಳುಮನೆಗೆ ಬೇಕಾದ ಸಾಮಾನೆಲ್ಲ ನಮ್ಮಲ್ಲಿ ಒಟ್ಟಾಯಿತು. ಜನ ಮಾತ್ರ ಇನ್ನೂ ವಾಸವಾಗಿದ್ದೆವು.

ಗೂಬೆ ಎಂದರೆ ನಮ್ಮ ಕಡೆ ತಮಾಷೆಯಲ್ಲ. ಮನೆಯೊಳಗೆ ಗೂಬೆ ಹೊಕ್ಕರೆ ಬೀಗ ಹಾಕಿ ಹೊರಗೆ ಹೋಗಿ, ಶಾಂತಿ ಮಾಡಿಸಿ ಮತ್ತೆ ಒಳಗೆ ಬರುವವರು ಈಗಲೂ ಇದ್ದಾರೆ. ಓಣಿಯ ಹಿರಿಯರು ಬಂದು ನನಗೆ ಬುದ್ಧಿ ಹೇಳಿದರು. ಅತ್ತೆ ಅವರಿಗೇ ಬುದ್ಧಿ ಹೇಳಿ ಕಳಿಸಿದಳು. "ಗೂಗಿ ಬಂದ್ರ ಮನಿ ಹಾಳಾಗಂಗಿಲ್ರಿ. ಗೂಗಿಗೆ ಹೆದರೋ ಮಂದಿ ಬಂದ್ರ ಹಾಳಾಗತೈತಿ." ಹಿರಿಯರು ಚಹ ಕುಡಿಯದೆ ಎದ್ದು ಹೋದರು.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ನನ್ನ ಮಗಳು ಪೂರ್ಣಿಮಾಗೆ ಕಂಪ್ಲಿಯಿಂದ ಸಂಬಂಧ ಬಂತು. ಅಕ್ಕಿ ಗಿರಣಿಯ ಮನೆತನ, ಒಬ್ಬನೇ ಮಗ, ಗದ್ದಲವಿಲ್ಲದ ಹುಡುಗ. ಮಗಳು ಬಿ.ಎಸ್ಸಿ. ಮುಗಿಸಿದ್ದಳು. ಇಂಥ ಮನೆ ತಾನಾಗಿ ಬಾಗಿಲಿಗೆ ಬಂದಾಗ ಇನ್ನೇನು ನೋಡುವುದು? ನಾನು ಹೂಂ ಎಂದೆ. ಮಗಳು ತಲೆ ತಗ್ಗಿಸಿ ಸುಮ್ಮನಿದ್ದಳು. ನಮ್ಮಲ್ಲಿ ಅದನ್ನು ಒಪ್ಪಿಗೆ ಎನ್ನುತ್ತಾರೆ.

ನೋಡಲು ಬರುವ ದಿನ ಗೊತ್ತಾದ ಮೇಲೆ ಮಹಡಿ ಹತ್ತಿದೆ.

"ಅತ್ತಿ, ಅವರು ಬರೋ ಹೊತ್ತಿಗೆ ಜೇಡರ ಬಲಿ ತೆಗಸ್ತೀನಿ, ನಿಮ್ಮ ಅಮ್ಮಗ ಪರದೆ ಹಾಕ್ತೀನಿ, ಬೆಳಕಿಂಡಿಗೆ ಬಟ್ಟಿ ಕಟ್ತೀನಿ. ನೀ ಕೆಳಗ ಬರಬಾರದು. ನನ್ನ ಮಗಳ ಬಾಳೇದ ಪ್ರಶ್ನೆ."

"ಆತಪಾ" ಎಂದಳು.

ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಬಸ್ಸಿನ ಕಂಡಕ್ಟರನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಯಾರಿಗೂ ಸೋಲದ ಹೆಂಗಸು ನನ್ನ ಒಂದು ಮಾತಿಗೆ ಆತಪಾ ಎನ್ನುತ್ತಾಳೆಯೇ?

ಕಂಪ್ಲಿಯವರು ಬಂದರು. ಹುಡುಗ, ಅವನ ಅಪ್ಪ ಅಮ್ಮ, ಮಧ್ಯಸ್ಥಿಕೆ ಮಾಡಿದ ಸೋಮಣ್ಣ. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಹಾಕಿಕೊಟ್ಟೆವು. ಪೂರ್ಣಿಮಾ ಬಂದು ಕೂತಳು. ಹುಡುಗನ ತಾಯಿ "ಹುಡುಗಿ ಲಕ್ಷಣವಾಗಿ ಅದಾಳ" ಎಂದು ಕುಂಕುಮದ ತಟ್ಟೆಗೆ ಕೈ ಹಾಕಿದರು. ನನ್ನ ಹೆಂಡತಿ ಕಣ್ಣಲ್ಲೇ ನನಗೆ ಗೆದ್ದೆವು ಎಂದಳು.

ಆಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ನೋಡುತ್ತೇನೆ, ಅತ್ತೆ! ತಲೆಗೆ ನನ್ನ ಸ್ಕೂಟರಿನ ಹೆಲ್ಮೆಟ್, ಗದ್ದದ ಕೆಳಗೆ ಪಟ್ಟಿ ಬಿಗಿದಿದ್ದಾಳೆ. ಬಲಗೈಯಲ್ಲಿ ಛತ್ರಿಯನ್ನು ಈಟಿಯ ಹಾಗೆ ನೆಟ್ಟಗೆ ಹಿಡಿದಿದ್ದಾಳೆ. ಎಡಗೈಯಲ್ಲಿ ರೊಟ್ಟಿ ಹಂಚು, ಅದು ಗುರಾಣಿ ಇರಬೇಕು. ಇಳಿದು ಬಂದು ಹುಡುಗನ ಎದುರಿಗೇ ನಿಂತಳು.

"ನಮಗ ಅಥೇನಮ್ಮನ ಅಪ್ಪಣೆ ಆಗೇತ್ರಿ. ಅಕಿ ಅಪ್ಪನ ತಲಿ ಸೀಳಿ ಹುಟ್ಟಿದಾಕಿ. ಈ ಮನಿ ಹುಡುಗಿನ ಮಾಡಿಕೊಂಡೋರ ತಲೀಗೂ ಸ್ವಲ್ಪ ತ್ರಾಸು ಐತಿ. ನಿಮಗ ತಲಿಬ್ಯಾನಿ ಬರತಾವೇನ್ರಿ?"

ಹುಡುಗ ತಲೆ ಮುಟ್ಟಿಕೊಂಡ.

ಹುಡುಗನ ತಾಯಿ ಸೋಮಣ್ಣನ ಕಡೆ ನೋಡಿದರು, ಸೋಮಣ್ಣ ಗೋಡೆಯ ಕಡೆ ನೋಡಿದ. ಅಷ್ಟರಲ್ಲಿ ಮಹಡಿಯಿಂದ ಆ ಗೂಬೆ ಹಾರಿ ಬಂತು. ಬೆಳಕಿಂಡಿಯ ಬಟ್ಟೆಯನ್ನು ಯಾರು ಬಿಚ್ಚಿದರು ಎಂದು ಬೇರೆ ಹೇಳಬೇಕೆ? ಹಗಲಿನ ಬೆಳಕಿಗೆ ಕಣ್ಣು ಕಾಣದೆ ಒಂದು ಸುತ್ತು ಹೊಡೆದು ಸೀದಾ ಬಂದು ಕುಂಕುಮದ ತಟ್ಟೆಯ ಪಕ್ಕದ ಕುರ್ಚಿಯ ಮೇಲೆ ಕೂತಿತು. ಕೂತು, ಮನೆಯ ಹಿರಿಯನ ಹಾಗೆ ಎಲ್ಲರನ್ನೂ ಒಮ್ಮೆ ನೋಡಿತು.

"ಹೊಂಡ್ರಿ" ಎಂದರು ಹುಡುಗನ ಅಪ್ಪ. ಹೊರಟೇಬಿಟ್ಟರು. ಬಿಸಿ ಮಿರ್ಚಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದ ಬೀಗರನ್ನು ಹೊಸಪೇಟೆ ಅದೇ ಮೊದಲು ಕಂಡಿರಬೇಕು.

ಹೆಂಡತಿ ಅಡಿಗೆಮನೆಗೆ ಹೋಗಿ ಅತ್ತಳು. ನಾನು ಸೋಮಣ್ಣನ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಅವನು ಕಂಪ್ಲಿಯವರನ್ನು ಬಸ್ಸು ಹತ್ತಿಸಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ಹುಡುಗಿ ಬಗ್ಗೆ ಒಂದು ಮಾತೂ ಆಡಲಿಲ್ಲಪಾ. ಬಂಗಾರದಂಥ ಹುಡುಗಿ, ಆದ್ರ ಮನ್ಯಾಗ ಹುಚ್ಚಿ ಅದಾಳ ಅಂದ್ರು. ಅಷ್ಟ."

ಅಷ್ಟೇ ಅಂತೆ! ನನ್ನ ಮೈಯೆಲ್ಲ ಉರಿಯಿತು. ಆ ಆರು ಕೈ ಕಡಿದ ಮೂರ್ತಿಯನ್ನು ಇವತ್ತೇ ಕಾಲುವೆಗೆ ಹಾಕಬೇಕು, ಅದರ ಪೂಜಾರಿಣಿಗೆ ಬೇರೆ ಮನೆ ನೋಡಬೇಕು ಎಂದುಕೊಂಡು ಬಂದು ಒಂದೇ ಉಸಿರಿಗೆ ಮಹಡಿ ಹತ್ತಿದೆ.

ಅತ್ತೆ ಅಥೇನಮ್ಮನ ಎದುರಿಗೆ ನೆಲದ ಮೇಲೆ ಕೂತಿದ್ದಳು. ಹೆಲ್ಮೆಟ್ ಇನ್ನೂ ತೆಗೆದಿರಲಿಲ್ಲ. ಪೂರ್ಣಿಮಾ ಅವಳ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಮದುವೆ ತಪ್ಪಿದ ದುಃಖ ಎಂದುಕೊಂಡು ನನ್ನ ಸಿಟ್ಟು ಇನ್ನಷ್ಟು ಏರಿತು.

"ಲೇ ತಮ್ಮಾ" ಎಂದಳು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ. "ಅವರು ಏನಂದ್ರು? ಅಕಿ ಮ್ಯಾಲೆ ಏನರ ಮಾತು ಬಂತೇನು?"

"ಇಲ್ಲ. ಹುಡುಗಿ ಬಂಗಾರ, ನೀ ಹುಚ್ಚಿ ಅಂದ್ರಂತ. ಸಮಾಧಾನ ಆತಿಲ್ಲೋ?"

"ಆತು" ಎಂದಳು.

ಪೂರ್ಣಿಮಾ ಎದ್ದು ಕೂತಳು. "ಅಪ್ಪಾ, ನಂಗ ಭೂವಿಜ್ಞಾನ ಓದಬೇಕು. ಧಾರವಾಡದಾಗ ಸೀಟು ಸಿಕ್ಕೈತಿ. ನೀವು ಅವರಿಗೆ ಹೂಂ ಅಂದುಬಿಟ್ಟಿದ್ರಿ. ನಂಗ ಹೇಳಾಕ ಆಗಲಿಲ್ಲ. ಅಜ್ಜಿಗೆ ಹೇಳಿದೆ."

ನಾನು ಅತ್ತೆಯನ್ನು ನೋಡಿದೆ. "ನನಗ ಹೇಳಬೇಕಿತ್ತಿಲ್ಲೋ ಅತ್ತಿ? ಒಲ್ಲೆ ಅಂತ ನಾನ ಹೇಳಿ ಕಳಸ್ತಿದ್ದೆ."

"ನೀ ಹೇಳಿ ಕಳಸ್ತಿದ್ದಿ. ಹುಡುಗಿ ಒಲ್ಲೆ ಅಂದ್ಲು ಅಂತ ಊರು ತಿಳಕೊಂತಿತ್ತು. ಸೊಕ್ಕಿನಾಕಿ, ಯಾರನ್ನೋ ನೋಡಿಕೊಂಡಾಳ, ಏನೋ ಐತಿ ಅಂತಿದ್ರು. ನಂಗ ಗೊತ್ತಿಲ್ಲೇನು?" ಅವಳು ಮೊಮ್ಮಗಳ ತಲೆ ನೇವರಿಸಿದಳು. "ನಾ ಅಕಿ ವಯಸ್ಸಿನಾಗ ಒಲ್ಲೆ ಅಂದಾಗ, ನನ್ನ ಮುಂದ ಯಾರೂ ಹೆಲ್ಮೆಟ್ ಹಾಕ್ಕೊಂಡು ನಿಂದರಲಿಲ್ಲಪಾ."

ನಾನು ಮಂಡಿಯೂರಿ ಕೂತು ಅವಳ ಗದ್ದದ ಕೆಳಗಿನ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದೆ. ಬಿಳಿ ಕೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಗದ್ದದ ಮೇಲೆ ಪಟ್ಟಿಯ ಕೆಂಪು ಗೆರೆ ಮೂಡಿತ್ತು. ಅಥೇನಮ್ಮನ ಮುಂದಿನ ದೀಪ ಆರಿತ್ತು, ಆಲಿವ್ ಎಣ್ಣೆಯ ಬಾಟಲಿ ಖಾಲಿಯಾಗಿತ್ತು.

"ಅತ್ತಿ" ಎಂದೆ, "ನಿಮ್ಮ ಅಮ್ಮಗ ಶೇಂಗಾ ಎಣ್ಣಿ ನಡೀತೈತೇನು?"

ಅವಳು ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

"ನಡೀತೈತಿ ತಮ್ಮಾ" ಎಂದಳು. "ಮೊದಲು ಕೆಳಗ ಹೋಗಿ ಆ ಗೂಗಿನ ತಗೊಂಡು ಬಾ. ಹಗಲು ಬೆಳಕಿಗೆ ಅದಕ್ಕ ಕಣ್ಣು ಕಾಣಂಗಿಲ್ಲ."