ಪುಂಡಿ ಸೊಪ್ಪಿನ ಪಂಚನಾಮೆ

ಹಿತ್ತಲಲ್ಲಿ ಗುಲಾಬಿ ನೆಟ್ಟವನನ್ನು ಯಾರೂ ಏನೂ ಕೇಳುವುದಿಲ್ಲ. ಸೊಪ್ಪು ನೆಟ್ಟವನನ್ನು ಎಲ್ಲರೂ ಕೇಳುತ್ತಾರೆ, ಉತ್ತರ ಹೇಳಿದರೆ ನಂಬುವುದಿಲ್ಲ. ಸೊರಬದಲ್ಲಿ ನಾನು ಕಳೆದ ಮೊದಲ ವರ್ಷ ಇದು ವಾರ ಬಿಟ್ಟು ವಾರ ನಡೆಯಿತು. ನೆನಪಿರುವುದನ್ನು ಕ್ರಮವಾಗಿ ಬರೆಯುತ್ತೇನೆ.

೧. ಬೀಜ

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ಹುಡುಗನಾದ ನಾನು ಸಸ್ಯಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದ್ದೆ. ಸೊರಬದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತು, ತಾತ್ಕಾಲಿಕವಾಗಿ. ದೀಪಾವಳಿ ಕಳೆದ ಮೇಲೆ ಆಡಳಿತ ಮಂಡಳಿ ಸೇರಿ ನನ್ನನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ತೀರ್ಮಾನಿಸುತ್ತದೆ ಎಂದು ಮೊದಲೇ ಹೇಳಿದ್ದರು. ಅಪ್ಪ ತೀರಿಕೊಂಡಿದ್ದರಿಂದ ಮನೆಗೆ ನನ್ನ ಸಂಬಳವೊಂದೇ ಆಧಾರ. ಮಂಡಳಿ ಎಂದರೆ ಅಧ್ಯಕ್ಷರು. ಅಕ್ಕಿ ಗಿರಣಿ ಇಟ್ಟಿದ್ದ ಅವರೇ ನಮ್ಮ ಮನೆ ಮಾಲೀಕರು ಕೂಡ. ಅವರ ಹಿತ್ತಲಿಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ನಾನೂ ಅವ್ವನೂ ಇದ್ದೆವು.

ಶಿಕಾರಿಪುರದಿಂದ ಸೊರಬ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಅಷ್ಟರಲ್ಲಿ ಬಿಸಿಲೂ ಬೇರೆ, ಊಟವೂ ಬೇರೆ. ಅವ್ವನಿಗೆ ಜೋಳದ ರೊಟ್ಟಿಯ ಜೊತೆ ಪುಂಡಿ ಪಲ್ಯ ಬೇಕು. ಹುಳಿ ಸೊಪ್ಪು ಅದು. ನಮ್ಮ ಕಡೆ ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಸೊರಬದ ಸಂತೆಯಲ್ಲಿ ಕೇಳಿದರೆ ಬಸಳೆ ತೋರಿಸಿದರು. ಅವ್ವ ತೊಗರ್ಸಿಯ ತವರಿಗೆ ಹೋಗಿ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬಂದಳು.

ಜೂನ್‌ನಲ್ಲಿ ಬಿತ್ತಿದೆ. ಮಳೆಗೆ ಕೊಳೆಯಿತು. ಜುಲೈನಲ್ಲಿ ಬಿತ್ತಿದೆ. ಅದೂ ಕೊಳೆಯಿತು. ಮಳೆ ನಿಂತ ಮೇಲೆ ಬಿತ್ತೋಣವೆಂದರೆ ಇನ್ನೊಂದು ತೊಡಕು: ಹಗಲು ಕುಗ್ಗುತ್ತಿದ್ದಂತೆ ಪುಂಡಿ ಹೂ ಬಿಡುತ್ತದೆ, ಹೂ ಬಿಟ್ಟರೆ ಸೊಪ್ಪು ನಾರಾಗುತ್ತದೆ. ಮಳೆ ನಿಲ್ಲುವುದಕ್ಕೂ ಹಗಲು ಕುಗ್ಗುವುದಕ್ಕೂ ನಡುವೆ ಸಿಗುವ ಬಿಸಿಲು ಅತಿ ಕಡಿಮೆ. ಇದನ್ನೆಲ್ಲ ಅವ್ವನಿಗೆ ವಿವರವಾಗಿ ಹೇಳಿದೆ. ಅವಳು ಕೊಳೆತ ಸಸಿಗಳನ್ನು ಒಮ್ಮೆ ನೋಡಿದಳು.

"ಇಷ್ಟೆಲ್ಲ ಗೊತ್ತಿದ್ರೆ ಮೊದ್ಲು ಯಾಕೆ ಬಿತ್ತಿದಿ?" ಎಂದಳು.

೨. ಬಿಸಿಲಿನ ಹಿಂದೆ

ಮೂರನೆಯ ಸಲ ಕ್ರಮ ಬದಲಾಯಿಸಿದೆ. ಖಾಲಿ ಎಣ್ಣೆ ಡಬ್ಬಗಳ ತಳಕ್ಕೆ ತೂತು ಹೊಡೆದು, ಹಿತ್ತಲಿನ ಮಣ್ಣು ತುಂಬಿ, ಆಗಸ್ಟ್‌ನಲ್ಲೇ ಸೂರಿನ ಕೆಳಗೆ ಬಿತ್ತಿದೆ. ಸಸಿ ಎದ್ದಿತು. ಮಳೆ ಹೊಳವಾದಾಗ ಡಬ್ಬಗಳನ್ನು ಬಿಸಿಲಿಗೆ ತರುವುದು, ಮೋಡ ಕವಿದರೆ ಒಳಗಿಡುವುದು. ಹಿತ್ತಲಲ್ಲಿ ಹಲಸಿನ ಮರದ ನೆರಳಿತ್ತು. ಹಾಗಾಗಿ ಬೆಳಿಗ್ಗೆ ಬಚ್ಚಲ ಕಡೆ, ಮಧ್ಯಾಹ್ನ ಬಾವಿ ಕಡೆ, ಸಂಜೆ ಬೇಲಿ ಕಡೆ. ಶಾಲೆಗೆ ಹೋದಾಗ ಅವ್ವ ಸರಿಸುತ್ತಿದ್ದಳು. ಗಿಡಗಳು ಚೆನ್ನಾಗಿ ಬಂದವು. ನನ್ನ ಲೆಕ್ಕಾಚಾರದ ಬಗ್ಗೆ ನನಗೆ ಪೂರ್ತಿ ವಿಶ್ವಾಸ ಬಂತು.

ಬೇಲಿಯ ಆಚೆ ಒಬ್ಬ ನಿವೃತ್ತ ಫಾರೆಸ್ಟ್ ಗಾರ್ಡ್ ಇದ್ದರು. ಕೆಲಸದಲ್ಲಿದ್ದಾಗ ಕ್ಯಾಸನೂರು ಕಡೆಯ ಕಾಡೆಲ್ಲ ಸುತ್ತಿದವರು. ಕೆಲವು ದಿನ ನನ್ನ ಡಬ್ಬ ಸಾಗಾಟವನ್ನು ಸುಮ್ಮನೆ ನೋಡಿದರು. ಒಂದು ಸಂಜೆ ಬೇಲಿಗೆ ಒರಗಿ, ಬೆರಳು ಬೆರಳಾಗಿ ಸೀಳಿದ ಆ ಎಲೆಯನ್ನು ಮುಟ್ಟಿ, ದನಿ ತಗ್ಗಿಸಿ ಮಾತಾಡಿದರು. ಇಂಥ ಗಿಡವನ್ನು ಹೀಗೆ ಬಯಲಲ್ಲಿ ಇಡುತ್ತಾರೆಯೇ, ಮೆಕ್ಕೆಜೋಳದ ಸಾಲಿನ ನಡುವೆ ಹಾಕಬೇಕು, ತಾವು ಹಿಡಿದ ಗಾಂಜಾ ಎಲ್ಲ ಅಂಥ ಕಡೆಯೇ ಇತ್ತು, ಹಿಡಿಯದೆ ಬಿಟ್ಟಿದ್ದೂ ಅಂಥ ಕಡೆಯೇ ಇತ್ತು ಎಂದರು.

ಇದು ಗಾಂಜಾ ಅಲ್ಲ, ಪುಂಡಿ ಎಂದೆ. ಅವ್ವ ಪಲ್ಯ ಮಾಡುತ್ತಾಳೆ ಎಂದೆ.

ಅವರು ಮೆಚ್ಚುಗೆಯಿಂದ ತಲೆಯಾಡಿಸಿದರು. "ಅಡ್ಡಿಲ್ಲ ಮಾರಾಯ್ರೇ. ಯಾರು ಕೇಳಿದ್ರೂ ಹಿಂಗೇ ಹೇಳಿ."

೩. ಹಸುವಿನ ಹೊಟ್ಟೆ

ಗಾರ್ಡ್ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅದನ್ನೂ ಸೇರಿಸಿ ಎಲ್ಲರಿಗೂ ಹೇಳಿದ್ದರು.

ಮೊದಲು ಬಂದವಳು ನಮಗೆ ಹಾಲು ಹಾಕುವ ಹೆಂಗಸು. ಅವಳ ಹಸುವಿಗೆ ಹೊಟ್ಟೆ ಕೆಟ್ಟು ಮೇವು ಮುಟ್ಟುತ್ತಿರಲಿಲ್ಲವಂತೆ. ಹಿಂದೆಲ್ಲ ಇಂಥದ್ದಕ್ಕೆ ಹಿರಿಯರು 'ಆ ಸೊಪ್ಪ'ನ್ನೇ ಬೆಲ್ಲದ ಜೊತೆ ಅರೆದು ಹಾಕುತ್ತಿದ್ದರು, ಈಗ ಎಲ್ಲೂ ಸಿಗುವುದಿಲ್ಲ, ಒಂದು ಹಿಡಿ ಕೊಟ್ಟರೆ ಪುಣ್ಯ ಬರುತ್ತದೆ ಎಂದಳು. ನಾನು ಎರಡೂ ಸಸ್ಯಗಳ ಕುಟುಂಬ ಬೇರೆ ಬೇರೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಅವ್ವನ ಕಡೆ ತಿರುಗಿದಳು.

"ಅಮ್ಮಾ, ಮೇಷ್ಟ್ರಿಗೆ ಹೆದರಿಕೆ ಇರ್ತದೆ. ನೀವೇ ಕೊಡಿ."

ಅವ್ವ ಒಂದು ಹಿಡಿ ಕಿತ್ತು ಕೊಟ್ಟಳು. ದನ ಸೊಪ್ಪು ತಿಂದರೆ ಏನೂ ಆಗುವುದಿಲ್ಲ ಎಂಬುದು ಅವಳ ಶಾಸ್ತ್ರ. ಹುಳಿ ನಾಲಿಗೆಗೆ ಹಿಡಿಸಿತೋ, ಬೆಲ್ಲ ಹಿಡಿಸಿತೋ, ಹಸು ಮರುದಿನ ಮೇವಿಗೆ ಬಾಯಿ ಹಾಕಿತು. ಇದು ಪುಂಡಿಯ ಗುಣವಲ್ಲ, ಹಸು ತಾನಾಗಿಯೇ ಸುಧಾರಿಸಿರಬೇಕು ಎಂದು ನಾನು ಹೇಳಹೊರಟೆ. ಅವ್ವ ನನ್ನ ತೊಡೆ ಚಿವುಟಿದಳು.

ಅಂದಿನಿಂದ ನಮ್ಮ ಮನೆಯ ಹಾಲಿಗೆ ನೀರು ಬೆರೆಸುವುದು ನಿಂತಿತು.

೪. ಎಲೆಯ ಪಾಠ

ಅಷ್ಟರಲ್ಲಿ ಸುದ್ದಿ ಶಾಲೆಗೂ ಬಂತು. ಸ್ಟಾಫ್ ರೂಮಿಗೆ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಒಬ್ಬರು ಮಾತ್ರ ಮೊದಲಿಗಿಂತ ಹೆಚ್ಚು ಆತ್ಮೀಯರಾದರು.

ಕಾಯಂ ಮಾಡುವ ಸಭೆ ಹತ್ತಿರ ಬರುತ್ತಿತ್ತು. ಅಂತೆಕಂತೆಗೆ ಪುರಾವೆಯೇ ಮದ್ದು ಎಂದು ತೀರ್ಮಾನಿಸಿದೆ. ಪುಂಡಿ ಹೂ ಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ. ಬೆಂಡೆಯ ಹೂವಿನಂಥ ಹಳದಿ ಹೂವನ್ನು ನೋಡಿ ಯಾರೂ ಗಾಂಜಾ ಎನ್ನಲಾರರು. ಗಿಡದಲ್ಲಿ ಮೊಗ್ಗು ಕೂಡ ಬಂತು. ಸಂಜೆ ಮನೆಗೆ ಹೋದರೆ ಮೊಗ್ಗೆಲ್ಲ ಮಾಯ. ಸೊಪ್ಪು ನಾರಾಗುತ್ತದೆ ಎಂದು ಅವ್ವ ಚಿವುಟಿ ಹಾಕಿದ್ದಳು. ನನ್ನ ನೌಕರಿಯ ಪ್ರಶ್ನೆ ಎಂದೆ. "ನೌಕರಿ ಇದ್ರೂ ಊಟಕ್ಕೆ ಪಲ್ಯ ಬೇಕಲ್ಲ," ಎಂದಳು.

ಹೂವಿಲ್ಲದಿದ್ದರೆ ಎಲೆಯಾದರೂ ಇದೆ ಎಂದು ಒಂದು ರೆಂಬೆ ಹಿಡಿದು ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಎದ್ದು ಬಾಗಿಲು ಹಾಕಿದರು. ಆಮೇಲೆ ಕಿಟಕಿಯನ್ನೂ ಹಾಕಿದರು. ನಾನು ಕಪ್ಪುಹಲಗೆಯ ಮುಂದೆ ನಿಂತವನಂತೆ ಪಾಠ ಮಾಡಿದೆ. ಗಾಂಜಾದಲ್ಲಿ ಒಂದೊಂದು ಬೆರಳೂ ತೊಟ್ಟಿನಿಂದಲೇ ಬೇರೆಯಾಗಿರುತ್ತದೆ, ಪುಂಡಿಯಲ್ಲಿ ಬುಡದಲ್ಲಿ ಕೂಡಿಕೊಂಡಿರುತ್ತದೆ. ಅದರ ಅಂಚಿನ ಹಲ್ಲು ಹೀಗೆ, ಇದರದ್ದು ಹೀಗೆ. ಅದಕ್ಕೆ ಘಾಟು ವಾಸನೆ, ಇದಕ್ಕೆ ಹುಳಿ ರುಚಿ. ಹೆಡ್‌ಮಾಸ್ಟರು ಗಮನವಿಟ್ಟು ಕೇಳಿದರು. ಎಲ್ಲ ಅರ್ಥವಾಯಿತು ಎಂಬಂತೆ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ರೀ," ಎಂದರು, "ಗಾಂಜಾ ಬಗ್ಗೆ ನಿಮಗೆ ಇಷ್ಟೆಲ್ಲ ಹೆಂಗೆ ಗೊತ್ತು?"

೫. ಪಂಚನಾಮೆ

ಸಭೆಗೆ ಕೆಲವೇ ದಿನ ಇರುವಾಗ ಜೀಪು ಬಂತು. ಸಬ್‌ಇನ್‌ಸ್ಪೆಕ್ಟರು, ಇಬ್ಬರು ಕಾನ್‌ಸ್ಟೇಬಲ್‌ಗಳು. ಎಸ್‌ಐ ಹೊಸದಾಗಿ ವರ್ಗವಾಗಿ ಬಂದವರು, ಯಾವ ಊರಿನವರೆಂದು ನಮಗೆ ಗೊತ್ತಿರಲಿಲ್ಲ. ಪಂಚನಾಮೆ ಮಾಡಬೇಕು, ಇಬ್ಬರು ಪಂಚರನ್ನು ಕರೆಯಿರಿ ಎಂದರು. ಒಬ್ಬರು ಬೇಲಿಯಾಚೆಯ ಗಾರ್ಡ್. ಕರೆಯುವ ಮೊದಲೇ ಬಂದಿದ್ದರು. ಇನ್ನೊಬ್ಬರು ಮನೆ ಮಾಲೀಕರಾದ ಅಧ್ಯಕ್ಷರು. ಅವರ ಮುಖ ಬಿಳಿಚಿಕೊಂಡಿತ್ತು. ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಸೆರಗು ಹೊದ್ದು ನಿಂತರು.

ನನಗೆ ಭಯವಿರಲಿಲ್ಲ, ಸತ್ಯ ನನ್ನ ಕಡೆ ಇತ್ತು. ಆದರೆ ಹಿಂದಿನ ಅನುಭವದಿಂದ ಈ ಸಲ ಏನೂ ವಿವರಿಸಬಾರದೆಂದು ಗಟ್ಟಿಯಾಗಿ ನಿರ್ಧರಿಸಿದ್ದೆ. "ಇದು ಪುಂಡಿ ಸರ್," ಎಂದು ಸುಮ್ಮನಾದೆ.

ಎಸ್‌ಐ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಒಂದು ಎಲೆ ಕಿತ್ತು, ಮೂಸಿ, ಬಾಯಿಗೆ ಹಾಕಿ ಅಗಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಕಾನ್‌ಸ್ಟೇಬಲ್ ಗಾಬರಿಯಿಂದ "ಸಾಹೇಬ್ರೇ" ಎಂದ.

ಎಸ್‌ಐ ಕಣ್ಣು ಬಿಟ್ಟು ಅವ್ವನನ್ನು ನೋಡಿದರು. "ಯವ್ವಾ, ನುಚ್ಚು ಹಾಕಿ ಮಾಡ್ತೀರೋ, ಬ್ಯಾಳಿ ಹಾಕಿ ಮಾಡ್ತೀರೋ?"

ವಿಜಾಪುರದ ಕಡೆಯವರಂತೆ. ಈ ಭಾಗಕ್ಕೆ ಬಂದಾಗಿನಿಂದ ಪುಂಡಿ ಕಂಡಿರಲಿಲ್ಲವಂತೆ. ಅವ್ವ ನುಚ್ಚು ಹಾಕುತ್ತೇನೆ, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತೇನೆ ಎಂದಳು. ಬೆಳಿಗ್ಗೆ ಮಾಡಿದ್ದು ಇದೆ ಎಂದಳು. ಸರಕಾರಿ ಜೀಪಿನ ಬಾನೆಟ್ ಮೇಲೆ ತಟ್ಟೆ ಇಟ್ಟುಕೊಂಡು ಎಸ್‌ಐ ಸಾಹೇಬರು ರೊಟ್ಟಿ ಮುರಿದರು. ನನ್ನ ನೌಕರಿ ಉಳಿಯಿತೆಂದು ನನಗೆ ಆ ಕ್ಷಣ ಅನ್ನಿಸಿತು.

ಊಟ ಮುಗಿಸಿ, ಕೈ ತೊಳೆದು, ಅವರು ಪಂಚರಿಬ್ಬರ ಕಡೆ ತಿರುಗಿ ನಕ್ಕರು. "ಇದನ್ನ ಗಾಂಜಾ ಅಂದವ್ರು ಯಾರ್ರೀ? ಇದನ್ನ ಒಣಗಿಸಿ, ಪುಡಿ ಮಾಡಿ, ಬೀಡಿ ಸುತ್ತಿ ಸೇದಿದ್ರೂ ನಶಾ ಏರಂಗಿಲ್ಲ."

"ಏರುತ್ತೆ," ಎಂದರು ಅಧ್ಯಕ್ಷರು.

ಎಸ್‌ಐ ಟೋಪಿ ಹಾಕಿಕೊಂಡು, ನಿಮಗೆ ಹೇಗೆ ಗೊತ್ತು ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅಧ್ಯಕ್ಷರು ಹಲಸಿನ ಮರದ ತುದಿಯಲ್ಲಿ ಏನನ್ನೋ ಹುಡುಕತೊಡಗಿದರು.

ಉತ್ತರ ಬಾಗಿಲ ಕಡೆಯಿಂದ ಬಂತು. "ರೀ," ಎಂದರು ಅವರ ಹೆಂಡತಿ, "ನವರಾತ್ರಿಯಿಂದ ನೀವು ದಿನಾ ಸಂಜೆ ಕೊಟ್ಟಿಗೇಲಿ ಕೂತು ಒಬ್ಬರೇ ನಗ್ತಿದ್ದಿದ್ದು ಇದಕ್ಕೇನಾ?"

ಎಸ್‌ಐ ಪಂಚನಾಮೆ ಬರೆಸಲಿಲ್ಲ. ಒಂದು ಡಬ್ಬ ಪುಂಡಿಯನ್ನು ಗಿಡ ಸಮೇತ ಜೀಪಿಗೆ ಹಾಕಿಸಿಕೊಂಡು ಹೊರಟರು.

೬. ಸಹಿ

ಜೀಪು ತಿರುವು ದಾಟಿದ ಮೇಲೆ ನನಗೆ ನಿಜವಾದ ಭಯ ಹುಟ್ಟಿತು. ಗಾಂಜಾ ಬೆಳೆದವನನ್ನು ಅಧ್ಯಕ್ಷರು ಒಂದು ವೇಳೆ ಕ್ಷಮಿಸಿಯಾರು. ಪುಂಡಿ ಬೆಳೆದು ತಮ್ಮ ಮಾನ ತೆಗೆದವನನ್ನು ಹೇಗೆ ಕ್ಷಮಿಸುತ್ತಾರೆ? ಸಾಮಾನು ಕಟ್ಟೋಣವೇ ಎಂದು ಅವ್ವನನ್ನು ಕೇಳಿದೆ. ಅವಳು ಮೊದಲು ಉಳಿದ ಸೊಪ್ಪು ಕಿತ್ತುಕೊಂಡು ಬಾ ಎಂದಳು.

ಸಭೆಯ ದಿನ ಅಧ್ಯಕ್ಷರು ಒಳಗೆ ಕರೆದರು. ಉಳಿದ ಸದಸ್ಯರು ಚಹಾಕ್ಕೆ ಎದ್ದುಹೋಗಿದ್ದರು. ನನ್ನ ಆರ್ಡರ್ ಅವರ ಮುಂದಿತ್ತು. ಪೆನ್ನಿನ ಟೋಪಿ ಬಿಚ್ಚಿದರು. ಸಹಿ ಮಾಡುವ ಜಾಗಕ್ಕೆ ತಂದು ನಿಲ್ಲಿಸಿದರು. ಬಾಗಿಲ ಕಡೆ ನೋಡಿ ನನ್ನನ್ನು ಹತ್ತಿರ ಕರೆದರು.

"ಮೇಷ್ಟ್ರೇ, ನೀವು ವಿಜ್ಞಾನ ಓದಿದವರು, ಸುಳ್ಳು ಹೇಳಬಾರದು. ಆ ಪುಂಡೀಲಿ ಒಂದು ಚೂರೂ ಇರಲ್ವಾ?"

ಇರುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಎರಡನೆಯ ಉತ್ತರವಿಲ್ಲ. ನಾನು ಪೆನ್ನಿನ ತುದಿ ನೋಡಿದೆ. ಅದು ಕಾಗದವನ್ನು ಇನ್ನೂ ಮುಟ್ಟಿರಲಿಲ್ಲ.

"ಬೇರೆ ಕಡೆ ಇರಲ್ಲ ಸರ್," ಎಂದೆ. "ನಿಮ್ಮ ಹಿತ್ತಲಿನ ಮಣ್ಣಿನಲ್ಲಿ ಹೇಳೋಕಾಗಲ್ಲ."

ಅವರ ಮುಖ ಅರಳಿತು. "ಅದೇ ಮತ್ತೆ," ಎಂದು ಹೇಳಿ, ದೊಡ್ಡದಾಗಿ ಸಹಿ ಹಾಕಿದರು.