ಉಳಿದ ಏಳು ಸುತ್ತು

ಕಾಗದದ ಮಿಲ್ಲಿನಲ್ಲಿ ಮೂವತ್ನಾಲ್ಕು ವರ್ಷ ವಾಲ್ವ್ ತಿರುಗಿಸಿ ನಿವೃತ್ತನಾದವನು ನಾನು. ಉಗಿಯ ವಾಲ್ವ್, ನೀರಿನ ವಾಲ್ವ್, ಆಳೆತ್ತರದ ವಾಲ್ವ್. ಹೀಗಾಗಿ ನಮ್ಮ ಓಣಿಗೆ ನೀರು ಬಿಡುವ ಯಲ್ಲಪ್ಪನಿಗೆ ಕೆಲಸ ಬರುವುದಿಲ್ಲ ಎಂದು ಹೇಳುವ ಸಂಪೂರ್ಣ ಅಧಿಕಾರ ನನಗಿದೆ ಎಂದು ನಂಬಿದ್ದೆ.

ಸಿಟ್ಟಿಗೆ ಕಾರಣವಿತ್ತು. ಕಾಳಿ ನದಿ ನಮ್ಮ ಊರಿನ ಪಕ್ಕದಲ್ಲೇ ಹರಿಯುತ್ತದೆ. ಎಲ್ಲೆಲ್ಲಿಂದಲೋ ಬಂದ ಪ್ರವಾಸಿಗರು ಅದರಲ್ಲಿ ರಬ್ಬರಿನ ದೋಣಿ ಬಿಟ್ಟುಕೊಂಡು ಕಿರುಚಾಡುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವ ನಮ್ಮ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ, ಒಂದು ತಾಸು, ದಾರದಷ್ಟು ನೀರು! ಒಂದು ಕೊಡ ತುಂಬುವಷ್ಟರಲ್ಲಿ ಪಕ್ಕದ ತಾಲೂಕಿನ ಜೊಯಿಡಾಕ್ಕೆ ಹೋಗಿ ಬರಬಹುದು, ಬಸ್ ಸಿಕ್ಕರೆ. ನಗರಸಭೆಯ ಕಚೇರಿಗೆ ಫೋನ್ ಮಾಡಿದರೆ ‘ನೋಟ್ ಮಾಡ್ಕೊಂಡೇವ್ರಿ’ ಎನ್ನುತ್ತಾರೆ. ನೋಟ್ ಮಾಡಿಕೊಂಡು ಮಾಡಿಕೊಂಡು ಅವರ ಪುಸ್ತಕ ತುಂಬಿರಬೇಕು, ನಮ್ಮ ಕೊಡ ಮಾತ್ರ ತುಂಬಿಲ್ಲ.

ಕೈಗೆ ಸಿಗುವವನು ಯಲ್ಲಪ್ಪ ಒಬ್ಬನೇ. ಅವನನ್ನೇ ಹಿಡಿದೆ. ಓಣಿಯ ತಿರುವಿನಲ್ಲಿ ರಸ್ತೆಯ ಕೆಳಗೆ ಒಂದು ಗುಂಡಿ, ಅದರೊಳಗೆ ವಾಲ್ವ್. ಅವನು ಉದ್ದನೆಯ ಕಬ್ಬಿಣದ ಚಾವಿ ಇಳಿಬಿಟ್ಟು, ತುಟಿ ಅಲ್ಲಾಡಿಸುತ್ತಾ ಎಣಿಸಿ, ಸರಿಯಾಗಿ ಏಳು ಸುತ್ತಿಗೆ ನಿಲ್ಲಿಸುತ್ತಾನೆ. ಆ ವಾಲ್ವಿಗೆ ಹದಿನಾಲ್ಕು ಸುತ್ತುಗಳಿವೆ ಎಂಬುದು ನನ್ನ ಕಣ್ಣಳತೆ. ಉಳಿದ ಏಳು ಯಾರ ಮನೆಗೆ ಎಂದು ಕೇಳಿದೆ.

"ಏಳಕ್ಕ ನಿಲ್ಲಿಸಬೇಕ್ರಿ ಕಾಕಾ," ಅಂದ ಯಲ್ಲಪ್ಪ. "ಮುಂದ ಹೋದ್ರ ನಿಮ್ಮ ಮನಿ ಮುಂದಿನ ಪೈಪ್ ತಡಿಯೂದಿಲ್ಲ. ಹಳೇದಾಗೇತಿ. ಆಫೀಸಿನ್ಯಾಗ ಎಷ್ಟ ಸಲ ಹೇಳೇನಿ."

ಕೆಲಸಗಳ್ಳರು ಹಳೆಯ ಪೈಪಿನ ಹಿಂದೆ ಅಡಗಿಕೊಳ್ಳುವುದನ್ನು ನಾನು ಮಿಲ್ಲಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮನೆಗೆ ಬಂದು ಎರಡು ಪುಟದ ದೂರು ಬರೆದೆ: ಸದರಿ ಯಲ್ಲಪ್ಪ ಎಂಬವರು ಕರ್ತವ್ಯದಲ್ಲಿ ತೀವ್ರ ಅಜಾಗರೂಕರಾಗಿದ್ದು, ಇವರನ್ನು ತಕ್ಷಣ ಕೆಲಸದಿಂದ ತೆಗೆಯತಕ್ಕದ್ದು. ಹೆಂಡತಿ ಸುಮಿತ್ರಾ ಅದನ್ನು ಓದಿ ಕನ್ನಡಕ ತೆಗೆದಳು. ಅವನು ಕಾಂಟ್ರಾಕ್ಟಿನ ಮನುಷ್ಯ, ನಿಮ್ಮ ಒಂದು ಕಾಗದಕ್ಕೆ ಅವನ ಮನೆಯ ಒಲೆ ಆರುತ್ತದೆ, ಬರೆಯುವುದಿದ್ದರೆ ಪೈಪಿನ ಬಗ್ಗೆ ಬರೆಯಿರಿ ಎಂದಳು. ಪೈಪಿನ ಬಗ್ಗೆ ಬರೆದರೆ ಯಾರು ಓದುತ್ತಾರೆ? ಅಂಚೆಯನ್ನೂ ನಂಬದೆ ಖುದ್ದಾಗಿ ಹೋಗಿ ಕೊಟ್ಟು ಬಂದೆ.

ನಾಲ್ಕು ವರ್ಷ ಅಲ್ಲಾಡದ ಕಚೇರಿ ನಾಲ್ಕೇ ದಿನದಲ್ಲಿ ಅಲ್ಲಾಡಿತು! ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಂಜಿನಿಯರ್ ಸಾಹೇಬರು ಸ್ಥಳ ಪರಿಶೀಲನೆಗೆ ಬರುತ್ತಾರೆಂದು ಫೋನ್ ಬಂತು. ಅಂದು ನಮ್ಮ ನೀರಿನ ದಿನವೂ ಹೌದು. ಸಾಹೇಬರು ಬರುವ ಮೊದಲೇ ನಲ್ಲಿಗಳಲ್ಲಿ ಧಾರಾಳ ನೀರು ಹರಿಸಿ, ಯಲ್ಲಪ್ಪನ ಸುಳ್ಳನ್ನು ಸಪ್ರಮಾಣವಾಗಿ ಬಯಲು ಮಾಡಬೇಕೆಂದು ತೀರ್ಮಾನಿಸಿದೆ.

ಚಾವಿ ಇರುವ ಜಾಗ ಇಡೀ ಓಣಿಗೆ ಗೊತ್ತು. ತಿರುವಿನಲ್ಲಿರುವ ರಫೀಕನ ಗ್ಯಾರೇಜಿನಲ್ಲಿ, ಹಳೆಯ ಟೈರುಗಳ ಹಿಂದೆ. ಊರಿನ ನೀರಿನ ವ್ಯವಸ್ಥೆಗೆ ಇದ್ದ ಭದ್ರತೆ ಅಷ್ಟೇ. ಯಲ್ಲಪ್ಪ ಏಳು ಸುತ್ತು ತಿರುಗಿಸಿ, ಚಾವಿ ಅಲ್ಲಿಟ್ಟು, ಟ್ಯಾಂಕಿನ ಕಡೆ ಹೋಗಿದ್ದ. ರಫೀಕ ಒಂದು ಸ್ಕೂಟರ್ ಬಿಚ್ಚಿಕೊಂಡು ಕೂತಿದ್ದ. "ಬ್ಯಾಡ್ರಿ ಕಾಕಾ, ಅವ ಎಣಿಸಿ ತಿರುವತಾನ," ಅಂದ. ನನ್ನ ಮೂವತ್ನಾಲ್ಕು ವರ್ಷದ ಅನುಭವವನ್ನು ಅವನಿಗೆ ಸಂಕ್ಷಿಪ್ತವಾಗಿ ತಿಳಿಸಿ ಚಾವಿ ಎತ್ತಿಕೊಂಡೆ.

ಎಂಟನೆಯ ಸುತ್ತು ತಿರುಗಿಸಿದೆ. ಏನೂ ಆಗಲಿಲ್ಲ. ಒಂಬತ್ತು. ನೀರು ಜೋರಾಯಿತೆಂದು ಹೆಂಗಸರು ಬಾಗಿಲಿಗೆ ಬಂದು ಹೇಳಿದರು. ಇಷ್ಟು ದಿನ ಇವರನ್ನೇ ಕೇಳಬೇಕಿತ್ತು ಎಂದು ಯಾರೋ ಹೊಗಳಿದರು. ಹೊಗಳಿಕೆಗೆ ಹತ್ತು, ಹನ್ನೊಂದು. ಹನ್ನೆರಡನೆಯದು ಶುದ್ಧ ಅಹಂಕಾರ.

ನೆಲದೊಳಗೆ ಧಡ್ ಎಂದು ಸದ್ದಾಯಿತು. ಮೊನ್ನೆ ಮೊನ್ನೆ ಹಾಕಿದ ಡಾಂಬರು ನಮ್ಮ ಮನೆಯ ಮುಂದೆ ಪೂರಿಯ ಹಾಗೆ ಉಬ್ಬಿ ಒಡೆಯಿತು. ಕೊಳೆತ ಪೈಪನ್ನು ಹಾಗೇ ಬಿಟ್ಟು ಅದರ ಮೇಲೆ ಹೊಸ ರಸ್ತೆ ಮಾಡಿ ರೋಲರ್ ಓಡಿಸಿದ ಮಹಾನುಭಾವರನ್ನು ಏನೆಂದು ಬೈಯಲಿ! ಆದರೆ ಆ ಹೊತ್ತಿನಲ್ಲಿ ಬೈಯುವ ಯೋಗ್ಯತೆ ನನಗಿರಲಿಲ್ಲ. ನಾಲ್ಕು ವರ್ಷದಿಂದ ಕೇಳುತ್ತಿದ್ದ ನೀರು ಕೊನೆಗೂ ನಮ್ಮ ಮನೆಗೆ ಬಂತು. ನಲ್ಲಿಯಿಂದಲ್ಲ, ಬಾಗಿಲಿನಿಂದ.

ವಾಲ್ವ್ ಮುಚ್ಚಲು ಹೋದೆ. ಗಾಬರಿಯಲ್ಲಿ ಯಾವ ಕಡೆ ತಿರುಗಿಸಬೇಕೆಂದು ಮರೆತು, ಉಳಿದಿದ್ದ ಎರಡು ಸುತ್ತನ್ನೂ ಬಿಚ್ಚಿದೆ. ಹದಿನಾಲ್ಕು ಎಂಬ ನನ್ನ ಕಣ್ಣಳತೆ ಮಾತ್ರ ಸರಿಯಾಗಿತ್ತು. ಅಷ್ಟರಲ್ಲಿ ಯಲ್ಲಪ್ಪ ಓಡಿ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಕೆಸರಿನಲ್ಲಿ ಮಂಡಿಯೂರಿ ವಾಲ್ವ್ ಮುಚ್ಚಿದ. ಅವನು ಮೇಲೇಳುವುದಕ್ಕೂ ಸಾಹೇಬರ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಸಾಹೇಬರು ಒಡೆದ ರಸ್ತೆ ನೋಡಿದರು, ಯಲ್ಲಪ್ಪನ ಕೈಯಲ್ಲಿದ್ದ ಚಾವಿ ನೋಡಿದರು, ನನ್ನ ದೂರನ್ನು ತೆಗೆದು ‘ತೀವ್ರ ಅಜಾಗರೂಕ’ ಎಂಬಲ್ಲಿ ಬೆರಳಿಟ್ಟರು.

ತಿರುಗಿಸಿದವನು ನಾನು ಎಂದೆ. ಎರಡು ಸಲ ಹೇಳಿದೆ.

"ದೂರು ನಿಮ್ಮದ, ಸಹಿನೂ ನಿಮ್ಮದ," ಅಂದರು ಸಾಹೇಬರು. "ಈಗ ನೀವ ಬ್ಯಾರೆ ಹೇಳಿದ್ರ ಫೈಲ್ ಹೆಂಗ ನಡೀಬೇಕ್ರಿ?"

ಫೈಲ್ ನಡೆಯಿತು. ಸಂಜೆಯೊಳಗೆ ಯಲ್ಲಪ್ಪನನ್ನು ಕೆಲಸದಿಂದ ತೆಗೆದರು. ಒಡೆದ ಪೈಪಿಗೆ ರಬ್ಬರ್ ಸುತ್ತಿ ಮಣ್ಣು ಮುಚ್ಚಿದರು. ನಾನು ತಪ್ಪೊಪ್ಪಿಗೆ ಬರೆದು ಕೊಟ್ಟೆ, ಅದು ಪರಿಶೀಲನೆಯಲ್ಲಿದೆ ಎಂದರು. ಪೈಪು ಕೊಳೆಯುವುದನ್ನು ವರ್ಷಗಟ್ಟಲೆ ನೋಡುತ್ತಾ ಕೂತವರಿಗೆ ಒಬ್ಬ ಬಡವನ ಅನ್ನ ಕಿತ್ತುಕೊಳ್ಳಲು ಒಂದು ದಿನ ಸಾಕಾಯಿತು. ಅದಕ್ಕೆ ಬೇಕಾದ ಕಾಗದ ಒದಗಿಸಿದವನು ನಾನೇ. ಮಿಲ್ಲಿನವನಲ್ಲವೇ!

ಮುಂದಿನ ನೀರಿನ ದಿನ ಬಂತು, ನೀರು ಬಿಡುವವರಿಲ್ಲ. ಕಚೇರಿಗೆ ಫೋನ್ ಮಾಡಿದರೆ, ಹೊಸಬ ಬರುವ ತನಕ ಅನುಭವಸ್ಥರಾದ ತಾವೇ ನೋಡಿಕೊಳ್ಳಿ ಎಂದರು. ಎಪ್ಪತ್ತರ ಹತ್ತಿರದಲ್ಲಿ ನಾನು ಚಾವಿ ಹಿಡಿದೆ. ಯಲ್ಲಪ್ಪ ರಫೀಕನ ಗ್ಯಾರೇಜಿನ ಬೆಂಚಿನ ಮೇಲೆ ಕೂತು, ನಾನು ಕೇಳದಿದ್ದರೂ, ಗಟ್ಟಿಯಾಗಿ ಸುತ್ತು ಎಣಿಸುತ್ತಿದ್ದ. ಅವನು ಏಳು ಅಂದ ಕೂಡಲೇ ನಾನು ನಿಲ್ಲಿಸುತ್ತಿದ್ದೆ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಉಳಿದ ಏಳು ಯಾರ ಮನೆಗೆ ಎಂದು ಹೆಂಗಸರು ನನ್ನನ್ನು ಕೇಳುತ್ತಿದ್ದರು. ಪೈಪು ಹಳೆಯದು, ತಡೆಯುವುದಿಲ್ಲ ಎನ್ನುತ್ತಿದ್ದೆ.

ಮೂರನೆಯ ಸರದಿ ಮುಗಿಸಿ, ಹೆಗಲು ಹಿಡಿದುಕೊಂಡು ಮನೆಗೆ ಬಂದರೆ ಕಚೇರಿಯ ಲಕೋಟೆ ಕಾಯುತ್ತಿತ್ತು. ಸಾರ್ವಜನಿಕರ ದೂರಿನ ಮೇರೆಗೆ, ತೀವ್ರ ಅಜಾಗರೂಕನೂ ಅನನುಭವಿಯೂ ಆದ ನನ್ನನ್ನು ನೀರು ಬಿಡುವ ಕೆಲಸದಿಂದ ತಕ್ಷಣ ತೆಗೆದು, ಯಲ್ಲಪ್ಪನನ್ನು ಮರಳಿ ತೆಗೆದುಕೊಳ್ಳಲಾಗಿದೆ! ಜೊತೆಗೆ ದೂರಿನ ನಕಲು. ಎರಡು ಪುಟ. ದುಂಡಗಿನ, ಸುಂದರವಾದ ಅಕ್ಷರ. ಮೂವತ್ತೆಂಟು ವರ್ಷದಿಂದ ನಮ್ಮ ಮನೆಯ ಕಿರಾಣಿ ಚೀಟಿಯಲ್ಲಿ ನೋಡುತ್ತಾ ಬಂದ ಅಕ್ಷರ.

ಸುಮಿತ್ರಾ ಅಕ್ಕಿ ಆರಿಸುತ್ತಾ ಕೂತಿದ್ದಳು.

"ಅವರಿಗೆ ಪೈಪ್ ಬದಲಿ ಮಾಡಾಕ ಬರೂದಿಲ್ರಿ, ಮನಶ್ಯಾರನ್ನ ಬದಲಿ ಮಾಡಾಕ ಅಷ್ಟ ಬರ್ತೈತಿ," ಅಂದಳು. "ಅದಕ್ಕ ಹಂಗ ಬರದೆ."

ಮಿಲ್ಲಿನಲ್ಲಿ ಇಡೀ ಮೂವತ್ನಾಲ್ಕು ವರ್ಷ ನನಗೆ ಒಂದು ಮೆಮೋ ಕೂಡ ಬಂದಿರಲಿಲ್ಲ. ಅಜಾಗರೂಕ ಎಂದದ್ದು ಸರಿ, ಆದರೆ ಅನನುಭವಿ ಎಂದು ಬರೆಯಲೇಬೇಕಿತ್ತೇ ಎಂದು ಕೇಳಿದೆ.

"ನೋಟ್ ಮಾಡ್ಕೊಂಡೇನ್ರಿ," ಅಂದಳು.